ಕಾಂತವೂ ಕಾವೂ

ಈಗಿನ ಎಲೆಕ್ಟ್ರಾನಿಕ್ ಮೀಟರುಗಳು ಬರುವುದಕ್ಕೆ ಮುಂಚೆ ಮನೆಮನೆಯ ಗೋಡೆಯ ಮೇಲೂ ಗಾಜಿನ ಹಿಂದೆ ಅಲ್ಯೂಮಿನಿಯಮ್ ಬಿಲ್ಲೆಯೊಂದು ಸದ್ದಿಲ್ಲದೆ ತಿರುಗುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಬಿಲ್ಲೆ ಮನಬಂದಂತೆ ಓಡದ ಹಾಗೆ ಹಿಡಿದಿಡುತ್ತಿದ್ದುದು ಒಂದು ಶಾಶ್ವತ ಕಾಂತ. ತಡೆಯುವ ಬಲವು ಕಾಂತಕ್ಷೇತ್ರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಾಂತವು ಬೇಸಗೆಯ ಕಾವಿಗೆ ಶೇಕಡ 1ರಷ್ಟು ಸೊರಗಿದರೆ ಬಿಲ್ಲೆ ಸುಮಾರು ಶೇಕಡ 2ರಷ್ಟು ಬೇಗ ತಿರುಗುತ್ತದೆ. ಉರಿಸದ ದೀಪಕ್ಕೆ ಮನೆಯೊಡೆಯ ಹಣ ತೆರಬೇಕು! ತಯಾರಕರು ಇದನ್ನರಿತು, ಕಾವಿಗೆ ತಕ್ಕಂತೆ ಗುಣ ಬದಲಿಸುವ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ತುಣುಕೊಂದನ್ನು ಕಾಂತದ ಜೊತೆಗಿಟ್ಟು ಈ ತಪ್ಪನ್ನು ಸರಿದೂಗಿಸುತ್ತಿದ್ದರು.

ಕಾಂತಕ್ಕೂ ಕಾವಿಗೂ ಆಗಿಬರುವುದಿಲ್ಲವೆಂಬುದು ಹಳೆಯ ಮಾತೇ. ಕೆಂಪಗೆ ಕಾದ ಕಬ್ಬಿಣವು ಕಾಂತಗುಣವನ್ನು ಕಳೆದುಕೊಳ್ಳುವುದೆಂದು ಇಂಗ್ಲೆಂಡಿನ ವೈದ್ಯ ಗಿಲ್ಬರ್ಟನು 1600ರಲ್ಲಿಯೇ ಬರೆದಿದ್ದಾನೆ. 1895ರಲ್ಲಿ ಪಿಯರ್ ಕ್ಯೂರಿ ಇದನ್ನು ಕೂಲಂಕಷವಾಗಿ ಅಳೆದನು. ಹಾಗೆ ಗುಣ ಕಳೆಯುವ ಉಷ್ಣತೆಗೆ ಅವನ ಹೆಸರೇ ನಿಂತಿದೆ. ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ ಸೆಂಟಿಗ್ರೇಡ್. ಅಷ್ಟು ದೂರ ನಾವು ಹೋಗಬೇಕಾಗಿಲ್ಲ. 30 ಡಿಗ್ರಿಯಿಂದ 90 ಡಿಗ್ರಿಯವರೆಗೆ ಕಾಯಿಸಿದರೆ ಕಾಂತ ಎಷ್ಟು ಕುಗ್ಗುತ್ತದೆ? ತಣಿದ ಮೇಲೆ ಕಳೆದುಕೊಂಡದ್ದು ಮರಳಿ ಬರುತ್ತದೆಯೆ? ಇವು ಎರಡು ಬೇರೆ ಪ್ರಶ್ನೆಗಳು. ಇವನ್ನು ಬೆರೆಸಿಬಿಡುವುದರಿಂದಲೇ ಅನೇಕ ಪ್ರಯೋಗಗಳು ಕೆಡುತ್ತವೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಕಾಂತವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಅದು ಎಷ್ಟು ಗುಂಡುಸೂಜಿಗಳನ್ನು ಎತ್ತುವುದೆಂದು ಎಣಿಸುವುದು. ಲೆಕ್ಕ ಇಳಿಯುತ್ತ ಬಂದಿತು. ಹಿಗ್ಗಿ ಗ್ರಾಫನ್ನೂ ಎಳೆದೆ. ಆಮೇಲೇಕೋ ಶಂಕೆ ಹುಟ್ಟಿ, ಕಾಯಿಸದೆಯೇ ಎರಡು ಸಲ ಎತ್ತಿ ನೋಡಿದೆ. ಆ ಎರಡು ಲೆಕ್ಕಗಳ ನಡುವಣ ಅಂತರವು ನನ್ನ ಗ್ರಾಫಿನ ಇಳಿತಕ್ಕಿಂತ ಕಡಮೆಯೇನೂ ಇರಲಿಲ್ಲ. ಸೂಜಿಗಳು ತಾವೇ ಕಾಂತಗಳಾಗಿ ಒಂದನ್ನೊಂದು ಹಿಡಿಯುತ್ತವೆ, ಕೈ ಅಲುಗಿದರೆ ಉದುರುತ್ತವೆ. ಎಣಿಸುವಷ್ಟರಲ್ಲಿ ಕಾಂತವೂ ತಣಿದಿರುತ್ತದೆ. ಗ್ರಾಫನ್ನು ಹರಿದುಹಾಕಿದೆ.

ವಿಚಲನ ಮ್ಯಾಗ್ನೆಟೋಮೀಟರು ಇದಕ್ಕಿಂತ ನಂಬಿಕಸ್ಥವಾದ ಸಾಧನ. ಅದರ ಸೂಜಿಯನ್ನು ಭೂಮಿಯು ಉತ್ತರಕ್ಕೆಳೆದರೆ, ಪೂರ್ವದಲ್ಲಿಟ್ಟ ನಮ್ಮ ಕಾಂತವು ಪಕ್ಕಕ್ಕೆಳೆಯುತ್ತದೆ. ಸೂಜಿ ನಿಂತ ಕೋನದ ಟ್ಯಾಂಜೆಂಟು ಈ ಎರಡು ಎಳೆತಗಳ ಪ್ರಮಾಣವನ್ನು ಹೇಳುತ್ತದೆ. ಓದುವ ತಪ್ಪಿನ ಪರಿಣಾಮ ಅತ್ಯಲ್ಪವಾಗುವುದು 45 ಡಿಗ್ರಿಯ ಬಳಿ. ಆದಕಾರಣ ಆರಂಭದಲ್ಲಿ ಸೂಜಿ ಅಲ್ಲಿಗೆ ಬರುವಂತೆ ಕಾಂತವನ್ನಿಡಬೇಕು.

ಇಲ್ಲಿ ಕಾಂತವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕುವುದು ಲೇಸು. ಅಲ್ನಿಕೊ ಕಾಂತವು ಒಂದು ಡಿಗ್ರಿ ಕಾವಿಗೆ ಸುಮಾರು ಶೇಕಡ 0.02 ಮಾತ್ರ ಕುಗ್ಗುತ್ತದೆ. 60 ಡಿಗ್ರಿ ಕಾಯಿಸಿದರೂ ಸೂಜಿ ಕದಲುವುದು ಡಿಗ್ರಿಯ ಮೂರನೆಯ ಒಂದು ಪಾಲು. ನಮ್ಮ ಕಣ್ಣಿಗೆ ಅದು ಕಾಣುವುದೇ ಸಂದೇಹ. ಏನೂ ಕಾಣದೆ, ಕಾವಿಗೆ ಪರಿಣಾಮವೇ ಇಲ್ಲವೆಂದು ಬರೆದುಬಿಡುವ ಅಪಾಯವುಂಟು. ಹಳೆಯ ಧ್ವನಿವರ್ಧಕಗಳ ಹಿಂಬದಿಯಲ್ಲಿ ಸಿಕ್ಕುವ ಕರಿಯ ಫೆರೈಟು ಜಾತಿಯಾದರೋ ಡಿಗ್ರಿಗೆ ಶೇಕಡ 0.2ರಷ್ಟು ಕುಗ್ಗುತ್ತದೆ. 60 ಡಿಗ್ರಿಗೆ ಶೇಕಡ 12. ಸೂಜಿ 45ರಿಂದ ಸುಮಾರು 41ಕ್ಕೆ ಇಳಿಯಬೇಕು. ಇದು ಧಾರಾಳವಾಗಿ ಕಾಣುತ್ತದೆ. ನಿಯೋಡಿಮಿಯಮ್ ಕಾಂತವು ಇವೆರಡರ ನಡುವಿನದು. ಆದರೆ ಅದರ ಸಾಮಾನ್ಯ ಜಾತಿ 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಸೊರಗಬಹುದು.

ಇನ್ನೊಂದು ಲೆಕ್ಕ ನನ್ನನ್ನು ಬೆಚ್ಚಿಸಿತು. ಕಾಂತದ ಪ್ರಭಾವವು ದೂರದ ಘನಕ್ಕೆ ವಿಲೋಮವಾಗಿ ಇಳಿಯುವುದಷ್ಟೆ. 20 ಸೆಂಟಿಮೀಟರು ದೂರದಲ್ಲಿರುವ ಕಾಂತವನ್ನು ಕಾಯಿಸಲೆಂದು ತೆಗೆದು, ಮರಳಿ ಇಡುವಾಗ 2 ಮಿಲಿಮೀಟರು ಸರಿದರೂ ಶೇಕಡ 3ರಷ್ಟು ತಪ್ಪು! ಅಳೆಯಬೇಕಾದುದರ ಕಾಲುಭಾಗ ಅಲ್ಲಿಯೇ ಹೋಯಿತು. ಆದ್ದರಿಂದ ಕಾಂತವನ್ನು ಕದಲಿಸಲೇಬಾರದು. ಮರದ ತುಂಡಿಗೆ ಬಿಗಿದು ಗಾಜಿನ ಪಾತ್ರೆಯಲ್ಲಿ ನಿಲ್ಲಿಸಿ, ನೀರನ್ನೇ ಅದರ ಬಳಿಗೆ ತರಬೇಕು. ಫೆರೈಟು ಮಣ್ಣಿನ ಪಾತ್ರೆಯಂತೆ ಬಿರಿಯುವ ವಸ್ತು; ಒಮ್ಮೆಗೇ ಕುದಿನೀರು ಸುರಿಯದೆ, ಮೊದಲು ಉಗುರುಬೆಚ್ಚನೆಯದು, ಆಮೇಲೆ ಬಿಸಿ. ನೀರು ತಾನಾಗಿ ತಣಿಯುತ್ತಿರುವಾಗ, ಆಗಾಗ್ಗೆ ಕಲಕುತ್ತ ಉಷ್ಣಮಾಪಕವನ್ನೂ ಸೂಜಿಯ ಎರಡು ತುದಿಗಳನ್ನೂ ಓದಬೇಕು. ನಿಧಾನವಾಗಿ ತಣಿದಷ್ಟೂ ಕಾಂತದ ಒಡಲೂ ನೀರೂ ಒಂದೇ ಹದದಲ್ಲಿರುತ್ತವೆ. ಕಬ್ಬಿಣದ ಸ್ಟ್ಯಾಂಡೂ ವಿದ್ಯುತ್ ಒಲೆಯೂ ದೂರವಿರಲಿ.

ಕಾಂತವಿಲ್ಲದೆ ಬರಿಯ ಬಿಸಿನೀರನ್ನಿಟ್ಟು ಸೂಜಿ ಅಲುಗುವುದಿಲ್ಲವೆಂದು ಒಮ್ಮೆ ಖಚಿತಪಡಿಸಿಕೊಳ್ಳಬೇಕು. ಕೊನೆಯಲ್ಲಿ ನೀರು ಮೊದಲಿನ 30 ಡಿಗ್ರಿಗೆ ಇಳಿದಾಗ ಸೂಜಿ 45ಕ್ಕೆ ಮರಳಿದರೆ, ನಷ್ಟ ತಾತ್ಕಾಲಿಕವಾದದ್ದು. ಮರಳದೆ 44ರಲ್ಲಿ ನಿಂತರೆ, ಕಾಂತವು ಏನನ್ನೋ ಕಳೆದುಕೊಂಡಿದೆ. ಅಥವಾ ಯಾರೋ ಮೇಜನ್ನು ತಳ್ಳಿದ್ದಾರೆ. ಯಾವುದೆಂದು ತಿಳಿಯಲು ಎರಡನೆಯ ಸಲ, ಮೂರನೆಯ ಸಲ ಕಾಯಿಸಿಯೇ ನೋಡಬೇಕು. ಮೊದಲ ಸಲದ ಕಾವಿಗೆ ಕಳೆಯುವುದನ್ನು ಕಳೆದು, ಮುಂದೆ ಅಷ್ಟೇ ಕಾವಿಗೆ ಸ್ಥಿರವಾಗಿ ನಿಲ್ಲುವ ಕಾಂತಗಳುಂಟು. ನಿಷ್ಕೃಷ್ಟ ಮಾಪಕಗಳಿಗೆ ಬೇಕಾದ ಕಾಂತಗಳನ್ನು ಮುಂಚಿತವಾಗಿಯೇ ಕಾಯಿಸಿ ಪಳಗಿಸುವುದು ಇದಕ್ಕಾಗಿಯೇ.

ನಾವು ಮೂರು ಸಲ ಕಾಯಿಸುವುದೆಂದು ಗೊತ್ತುಮಾಡಿದ್ದೇವೆ. ಫೆರೈಟು ಸಿಕ್ಕಿದೆ, ಗಾಜಿನ ಪಾತ್ರೆಯೂ ಸಿಕ್ಕಿದೆ. ಕಬ್ಬಿಣದ ಮೊಳೆಯಿಲ್ಲದ ಮೇಜು ಮಾತ್ರ ಇಡೀ ಕಾಲೇಜಿನಲ್ಲಿ ಇನ್ನೂ ಸಿಕ್ಕಿಲ್ಲ.