ಡಿಪೋದ ಹಳೇ ಕಂಪ್ಯೂಟರಿಗೆ ಇನ್ನೊಂದು ಕಿವಿ

‘ಬೆಳಗ್ಗೆ ಆರು ಲೀಟರು ನಾಲ್ಕು ನೂರು ಹಾಕಿದ್ದು. ಪುಸ್ತಕದಲ್ಲಿ 4.6 ಅಂತ ಉಂಟಲ್ಲಾ ಅಣ್ಣಾ?’

ಎರಡು ದನ ಕಟ್ಟಿಕೊಂಡಿರುವ ನೆರೆಮನೆಯ ಅಕ್ಕ ಕೇಳಿದ ಪ್ರಶ್ನೆ ಇದು. 2009ರ ಮಾತು. ನಾನಾಗ ನಮ್ಮೂರ ಹಾಲಿನ ಸೊಸೈಟಿಯ ನಿರ್ದೇಶಕ. ಕಾರ್ಯದರ್ಶಿ ಮೋಸಗಾರರಲ್ಲ. 6.4 ಎಂಬುದನ್ನು ಅವಸರದಲ್ಲಿ 4.6 ಎಂದು ಕುಟ್ಟಿದ್ದರು, ಅಷ್ಟೆ. ಆದರೆ ಹಣ ಹೋದದ್ದು ಅಕ್ಕನದ್ದು.

ಫ್ಯಾಟ್ ನೋಡುವ ಯಂತ್ರದ ಲೆಕ್ಕ ನೇರ ಕಂಪ್ಯೂಟರಿಗೆ ಹೋಗುತ್ತಿತ್ತು. ತೂಕ ಮಾತ್ರ ಕೈಯಲ್ಲೇ ಟೈಪ್. ತೂಕದ ಯಂತ್ರದಲ್ಲೂ 9 ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು. ಕಂಪ್ಯೂಟರಿನ ಹಿಂದೆ ಇದ್ದದ್ದು ಎರಡೇ. ಒಂದರಲ್ಲಿ ಫ್ಯಾಟ್ ಯಂತ್ರ, ಇನ್ನೊಂದರಲ್ಲಿ ಸದಸ್ಯರಿಗೆ ಅಂಕಿ ತೋರಿಸುವ ಬೋರ್ಡು. ಹೊಸ ಕಂಪ್ಯೂಟರಿಗೆ ದುಡ್ಡಿಲ್ಲ. ಪೋರ್ಟ್ ಸೇರಿಸೋಣ ಅಂತ ಹೊರಟೆ.

ಮೊದಲ ಸೋಲು

ಗುಜರಿಯಿಂದ ಹಳೇ ಐಎಸ್‌ಎ ಕಾರ್ಡ್ ತಂದು ಹಾಕಿದೆ. ಒಂದೊಂದೇ ಯಂತ್ರ ಓಡಿಸಿದರೆ ಸರಿ. ಫ್ಯಾಟ್ ಯಂತ್ರ, ತೂಕದ ಯಂತ್ರ ಒಟ್ಟಿಗೆ ಮಾತಾಡಿದರೆ ಕಂಪ್ಯೂಟರ್ ಗಪ್‌ಚಿಪ್! ಕಾರಣ ಆಮೇಲೆ ತಿಳಿಯಿತು. ಪ್ರತಿ ಪೋರ್ಟಿಗೂ ಕಂಪ್ಯೂಟರನ್ನು ಕರೆಯಲು ಒಂದು ಗಂಟೆ ಬೇಕು. ಕಾಮ್-1ರದ್ದು 4ನೇ ಗಂಟೆ, ಕಾಮ್-2ರದ್ದು 3ನೆಯದು. ಕಾಮ್-3 ಸೇರಿಸಿದರೆ ಅದೂ ರೂಢಿಯಂತೆ 4ನೆಯದನ್ನೇ ಬಾರಿಸುತ್ತದೆ. ಒಂದೇ ಗಂಟೆಗೆ ಇಬ್ಬರು ಜೋತರೆ ಇನ್ನೇನಾದೀತು?

ಗೆದ್ದದ್ದು ಹೀಗೆ

ಪೇಟೆಯಿಂದ ಎರಡು ಪೋರ್ಟಿನ ಪಿಸಿಐ ಕಾರ್ಡ್ ತಂದೆ. ಇದು ಗಂಟೆ ಹಂಚಿಕೊಂಡರೂ ಜಗಳವಾಡದು. ಕಂಪ್ಯೂಟರೇ ಜಾಗ ಗೊತ್ತುಮಾಡಿ ಕೊಡುತ್ತದೆ.

ಪ್ಲಗ್ ಕಿತ್ತು, ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಮೈಯ ವಿದ್ಯುತ್ತು ಇಳಿಸಿಕೊಂಡೆ. ಬಿಳಿ ಸ್ಲಾಟಿನಲ್ಲಿ ಕಾರ್ಡನ್ನು ನೇರವಾಗಿ ಒತ್ತಿ ಸ್ಕ್ರೂ ಬಿಗಿದೆ. ಜೊತೆಗೆ ಬಂದ ಸೀಡಿಯಿಂದ ಡ್ರೈವರ್ ಹಾಕಿದ್ದೇ ಎರಡು ಹೊಸ ಪೋರ್ಟು ಕಾಣಿಸಿದವು.

ಪರೀಕ್ಷೆಗೆ ಒಂದು ಸುಲಭ ಉಪಾಯ. ಪೋರ್ಟಿನ 2 ಮತ್ತು 3ನೇ ಪಿನ್ನನ್ನು ಸಣ್ಣ ತಂತಿಯಲ್ಲಿ ಜೋಡಿಸಿ. ಹೈಪರ್‌ಟರ್ಮಿನಲ್ ತೆರೆದು, ಫ್ಲೋ ಕಂಟ್ರೋಲ್ ‘ಬೇಡ’ ಎಂದಿಟ್ಟು ಟೈಪ್ ಮಾಡಿ. ಅಕ್ಷರ ತಿರುಗಿ ಪರದೆಗೆ ಬಂದರೆ ಪೋರ್ಟ್ ಗಟ್ಟಿ.

ತೂಕದ ಯಂತ್ರ ಸಿಕ್ಕಿಸಿದಾಗ ಮತ್ತೆ ಮೌನ. ಕೇಬಲ್ಲಿನ ತಪ್ಪು. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ನಮ್ಮದರಲ್ಲಿ ಬಾಯಿಗೆ ಬಾಯಿ ಸೇರಿತ್ತು. ಒಂದು ತುದಿಯಲ್ಲಿ 2, 3ನೇ ತಂತಿ ಅದಲುಬದಲು ಮಾಡಿದೆ. 5ನೆಯದು ನೆಲದ ತಂತಿ, ಅದನ್ನು ಮುಟ್ಟಲಿಲ್ಲ. ವೇಗವನ್ನು ಎರಡೂ ಕಡೆ 9600ಕ್ಕೆ ಇಟ್ಟೆ. ಕ್ಯಾನ್ ಇಟ್ಟೊಡನೆ ಪರದೆಯಲ್ಲಿ ಅಂಕಿ!

ನೆನಪಿಡಿ

* ಕಾರ್ಡ್ ಕೊಳ್ಳುವ ಮೊದಲು ಪೆಟ್ಟಿಗೆ ಬಿಚ್ಚಿ ಸ್ಲಾಟ್ ನೋಡಿ. ಪಿಸಿಐ ಬೇರೆ, ಪಿಸಿಐ ಎಕ್ಸ್‌ಪ್ರೆಸ್ ಬೇರೆ. ಒಂದಕ್ಕೆ ಇನ್ನೊಂದು ಕೂರದು.
* ಕೇಬಲ್ 15 ಮೀಟರಿನೊಳಗೆ ಇರಲಿ.
* ಸ್ಲಾಟೇ ಇಲ್ಲದಿದ್ದರೆ ಯುಎಸ್‌ಬಿ ಪರಿವರ್ತಕ ಸಾಕು. ಆದರೆ ದಿನಾ ಅದೇ ತೂತಿಗೇ ಹಾಕಿ. ಜಾಗ ಬದಲಾದರೆ ಕಾಮ್ ನಂಬರೂ ಬದಲಾಗಬಹುದು.
* ಗುಡುಗು ಶುರುವಾಗುವ ಮೊದಲೇ ಯಂತ್ರಗಳ ಪ್ಲಗ್, ನಡುವಿನ ಕೇಬಲ್ ಎರಡನ್ನೂ ಕಿತ್ತಿಡಿ. ಸಿಡಿಲು ಯಾವ ತಂತಿಯಲ್ಲೂ ಬಂದೀತು.

ಅಕ್ಕನಿಗೆ ಬಾಕಿ ಹಣ ಮುಂದಿನ ಬಟವಾಡೆಯಲ್ಲಿ ಸೇರಿತು. ಆದರೂ ಅವರು ಬೋರ್ಡಿನ ಅಂಕಿ ಓದದೆ ಕ್ಯಾನ್ ಎತ್ತುವುದಿಲ್ಲ. ಅದೇ ಒಳ್ಳೆಯದು. ಯಂತ್ರ ಎಷ್ಟೇ ಬರಲಿ, ಹಾಲು ಹಾಕಿದವರ ಕಣ್ಣೂ ಬೇಕು.