ಬಾಡಿಗೆ ಮನೆ ದುರಸ್ತಿ: ಗೋಡೆ ಮುಚ್ಚುವ ಮೊದಲು ನೀರಿನ ಪರೀಕ್ಷೆ

ಹಸು ಬತ್ತಿದ ತಿಂಗಳುಗಳಲ್ಲಿ ಬಟವಾಡೆ ಕಡಿಮೆ. ಆಗಲೂ ಕೈಯಲ್ಲಿ ನಾಲ್ಕು ಕಾಸು ಇರಲಿ ಎಂದು ನಿಮ್ಮಲ್ಲಿ ಕೆಲವರು ಹಾಲಿನ ಹಣ ಕೂಡಿಟ್ಟು ಪಟ್ಟಣದಲ್ಲಿ ಹಳೆಯ ಮನೆಯೊಂದನ್ನು ಕೊಂಡಿರಬಹುದು. ಇಲ್ಲವೇ ಊರಿನ ಹಳೆ ಮನೆಯನ್ನೇ ಬಾಡಿಗೆಗೆ ಸರಿಮಾಡಿಸಲು ಹೊರಟಿರಬಹುದು. ಬಣ್ಣ, ಟೈಲ್ಸ್ ನೋಡಿ ಬಾಡಿಗೆಯವರು ಬರುತ್ತಾರೆ, ನಿಜ. ಆದರೆ ಬಚ್ಚಲು ಕಟ್ಟಿಕೊಂಡರೆ, ಗೋಡೆ ಒದ್ದೆಯಾದರೆ ಉಳಿಯುವುದಿಲ್ಲ. ಹೊಸ ಟೈಲ್ಸ್ ಒಡೆದು ಸೋರುವ ಪೈಪು ಹುಡುಕುವಷ್ಟರಲ್ಲಿ ಎಷ್ಟೋ ತಿಂಗಳ ಬಾಡಿಗೆ ಅದಕ್ಕೇ ಹೋಗುತ್ತದೆ.

ಸಂಘದಲ್ಲಿ ಪರೀಕ್ಷೆ ಮಾಡದೆ ಹಾಲು ತೆಗೆದುಕೊಳ್ಳುವುದಿಲ್ಲ. ನೀವೂ ಪರೀಕ್ಷೆ ಮಾಡದೆ ಪೈಪಿನ ಕೆಲಸ ಒಪ್ಪಿಕೊಳ್ಳಬೇಡಿ.

ಕೆಲಸ ಹಿಡಿಯುವ ಮೊದಲು

ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಹಾಲಿನ ಅಳತೆ ಪಾತ್ರೆ ಇಡಿ. ಕಾಲು ಲೀಟರ್ ತುಂಬಿದರೆ ದಿನಕ್ಕೆ 6 ಲೀಟರ್ ಪೋಲಾಗುತ್ತಿದೆ. ಹಳೆಯ ಕಬ್ಬಿಣದ ಪೈಪಿನಲ್ಲಿ ಬೆಳಗಿನ ಮೊದಲ ನೀರು ಕೆಂಪಗೆ ಬಂದರೆ ಒಳಗೆ ತುಕ್ಕು ಹಿಡಿದಿದೆ. ಅಲ್ಲಲ್ಲಿ ತೇಪೆ ಹಾಕಿಸುವುದಕ್ಕಿಂತ ಪೂರ್ತಿ ಬದಲಿಸುವುದೇ ಲೇಸು.

ಯಾವ ಪೈಪು, ಎಷ್ಟು ವಾಟ?

ತಣ್ಣೀರಿಗೆ ಯುಪಿವಿಸಿ ಪೈಪು ಸಾಕು. ಗೀಜರ್, ಸೋಲಾರ್ ಬಿಸಿನೀರಿಗೆ ಸಿಪಿವಿಸಿಯೇ ಬೇಕು. ಯುಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಎರಡಕ್ಕೂ ಅಂಟು ಬೇರೆ ಬೇರೆ. ಪ್ರತಿ ಬಚ್ಚಲಿಗೂ ಒಂದು ವಾಲ್ವ್ ಇರಲಿ. ಆಗ ರಿಪೇರಿಗೆ ಇಡೀ ಮನೆಯ ನೀರು ನಿಲ್ಲಿಸಬೇಕಾಗುವುದಿಲ್ಲ. ಬಚ್ಚಲ ನೀರು ಹೊರಹೋಗುವ ಪೈಪಿಗೆ 4 ಅಡಿಗೆ ಸುಮಾರು 1 ಇಂಚು ವಾಟ ಕೊಡಿಸಿ. ನೆಲದ ಟ್ರ್ಯಾಪ್ ಬಿಡಬೇಡಿ. ಅದರಲ್ಲಿ ನಿಂತ ನೀರೇ ಮೋರಿಯ ವಾಸನೆ ಒಳಬಾರದಂತೆ ತಡೆಯುತ್ತದೆ.

1000 ಲೀಟರ್ ನೀರೆಂದರೆ 1 ಟನ್ ಭಾರ. ಹಳೆ ತಾರಸಿಯ ನಡುವೆ ಟ್ಯಾಂಕು ಇಡಿಸಬೇಡಿ. ಎಲ್ಲಿ ಕೂರಿಸಬೇಕೆಂದು ಎಂಜಿನಿಯರನ್ನು ಕೇಳಿ.

ಎರಡು ಪರೀಕ್ಷೆ, ಒಂದು ಫೋಟೊ

ಅಂಟು ಹಾಕಿದ ಮೇಲೆ ಒಂದು ದಿನ ಬಿಡಿ. ಗಾರೆಯವರು ಗೋಡೆ ಮುಚ್ಚುವ ಮೊದಲು ಎಲ್ಲ ನಲ್ಲಿಗಳ ಬಾಯಿಗೆ ಬಿರಡೆ ಹಾಕಿಸಿ, ಕೈಪಂಪಿನಿಂದ ಪೈಪಿನೊಳಗೆ ನೀರಿನ ಒತ್ತಡ ಕೊಡಿಸಿ. ಮೀಟರಿನ ಮುಳ್ಳು ಇಳಿಯದೆ ನಿಲ್ಲಬೇಕು. ಆ ಹೊತ್ತು ನೀವೇ ಅಲ್ಲಿರಿ.

ಬಚ್ಚಲ ನೆಲಕ್ಕೆ ವಾಟರ್‌ಪ್ರೂಫಿಂಗ್ ಆಗಿ ಒಣಗಿದ ಮೇಲೆ ನೀರು ಹೋಗುವ ಕಿಂಡಿ ಮುಚ್ಚಿ, ಒಂದಿಂಚು ನೀರು ಒಂದು ದಿನ ನಿಲ್ಲಿಸಿ. ಕೆಳಗಿನ ಸೂರು, ಪಕ್ಕದ ಗೋಡೆ ಒಣಗಿಯೇ ಇದ್ದರೆ ಟೈಲ್ಸ್ ಹಾಕಿಸಿ. ಬಣ್ಣ ಕೊನೆಗೆ.

ಗೋಡೆ ಮುಚ್ಚುವ ಮುನ್ನ ಪೈಪಿನ ಪಕ್ಕ ಅಳತೆ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ, ರಿಪೇರಿ ಮಾಡಿಸುವಾಗ ಅದೇ ನಕ್ಷೆ. ಕೂಲಿಯ ಕೊನೆಯ ಕಂತನ್ನು ಈ ಪರೀಕ್ಷೆಗಳು ಮುಗಿದ ಮೇಲೆಯೇ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ.

ಬಾಡಿಗೆ ಕರಾರಿನಲ್ಲಿ ಬರೆಸಿ

ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ ಪೈಪು ಬದಲಿಸುವುದು, ಸುಣ್ಣಬಣ್ಣ, ವೈರಿಂಗ್ ರಿಪೇರಿ ಮಾಲೀಕರದ್ದು. ನಲ್ಲಿಯ ವಾಷರ್ ಬದಲಿಸುವುದು, ಮೋರಿ ಶುಚಿ ಬಾಡಿಗೆಯವರದ್ದು ಎಂದಿದೆ. ನಿಮ್ಮ ಕರಾರಿನಲ್ಲೂ ಯಾವುದು ಯಾರ ಖರ್ಚು ಎಂದು ಹೀಗೆ ಬಿಡಿಸಿ ಬರೆಸಿ. ಆಗ ನಲ್ಲಿಯೊಂದು ಕೆಟ್ಟಾಗ ಜಗಳಕ್ಕೆ ದಾರಿ ಇರುವುದಿಲ್ಲ, ಹಸು ಬತ್ತಿದಾಗಲೂ ಬಾಡಿಗೆ ತಪ್ಪುವುದಿಲ್ಲ.