ಕರ್ನಾಟಕದಲ್ಲಿ ಉಪಗುತ್ತಿಗೆ

ಉಪಗುತ್ತಿಗೆ ಎಂದರೆ ಕಾಮಗಾರಿಯೊಂದನ್ನು ಪಡೆದ ಮುಖ್ಯ ಗುತ್ತಿಗೆದಾರನು ಅದರ ಒಂದು ಭಾಗವನ್ನು ಮತ್ತೊಬ್ಬ ಗುತ್ತಿಗೆದಾರನಿಗೆ ವಹಿಸಿಕೊಡುವ ವ್ಯವಸ್ಥೆ. ಬಳಕೆಯಲ್ಲಿ ಇದನ್ನು ಸಬ್ ಕಾಂಟ್ರಾಕ್ಟ್ ಎನ್ನುತ್ತಾರೆ. ಕರ್ನಾಟಕದಲ್ಲಿ ಸಣ್ಣ ಗುತ್ತಿಗೆದಾರರು ಉಪಗುತ್ತಿಗೆದಾರರಾಗುವುದನ್ನು ತಪ್ಪಿಸುವುದು ಗುತ್ತಿಗೆದಾರರ ಸಂಘಟನೆಗಳ ಪ್ರಮುಖ ಬೇಡಿಕೆಗಳಲ್ಲಿ ಒಂದಾಗಿದೆ.

ಹಿನ್ನೆಲೆ

ರಾಜ್ಯದ ಸರ್ಕಾರಿ ಕಾಮಗಾರಿಗಳ ಟೆಂಡರುಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಡುತ್ತವೆ. 2007ರಲ್ಲಿ 110 ಗ್ರಾಮಗಳೂ ಸುತ್ತಲಿನ ನಗರಸಭೆಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ ಬಳಿಕ ಬೇಗೂರಿನಂತಹ ಹೊರವಲಯಗಳಲ್ಲಿ ರಸ್ತೆ, ಚರಂಡಿ ಕಾಮಗಾರಿಗಳ ಅಗತ್ಯ ಹೆಚ್ಚಿತು. ಇಂತಹ ಹಲವು ಸಣ್ಣ ಕಾಮಗಾರಿಗಳನ್ನು ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆಯುವುದಕ್ಕೆ ಪ್ಯಾಕೇಜ್ ಪದ್ಧತಿ ಎಂದು ಹೆಸರು. ಮೊತ್ತ ದೊಡ್ಡದಾದಂತೆ ಠೇವಣಿ, ವಾರ್ಷಿಕ ವಹಿವಾಟು ಮತ್ತು ಅನುಭವದ ಷರತ್ತುಗಳೂ ಬಿಗಿಯಾಗುತ್ತವೆ. ಅವನ್ನು ಪೂರೈಸಲಾಗದ ಸ್ಥಳೀಯ ಗುತ್ತಿಗೆದಾರನು ಅದೇ ಕೆಲಸವನ್ನು ದೊಡ್ಡ ಗುತ್ತಿಗೆದಾರನಿಂದ ಕಡಿಮೆ ದರಕ್ಕೆ ಪಡೆಯಬೇಕಾಗುತ್ತದೆ.

ಕಾನೂನಿನ ಸ್ಥಿತಿ

ಉಪಗುತ್ತಿಗೆದಾರನ ಕರಾರು ಮುಖ್ಯ ಗುತ್ತಿಗೆದಾರನೊಡನೆ ಮಾತ್ರ ಇರುವುದರಿಂದ, ಹಣ ಬಾಕಿ ಉಳಿದಾಗ ಆತನು ಸಾಮಾನ್ಯವಾಗಿ ಇಲಾಖೆಯನ್ನು ನೇರವಾಗಿ ಕೇಳಲಾರನು. ಅನುಮತಿ ಪಡೆಯದೆ ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟಿದ್ದರೆ ಆತನ ಹೆಸರು ಕಡತದಲ್ಲಿಯೇ ಇರುವುದಿಲ್ಲ. ಕಾರ್ಮಿಕರ ವಿಷಯ ಇದಕ್ಕಿಂತ ಭಿನ್ನ. ಗುತ್ತಿಗೆದಾರನು ಕೂಲಿ ಕೊಡದಿದ್ದಲ್ಲಿ ಪ್ರಧಾನ ಮಾಲೀಕನೇ ಅದನ್ನು ಪಾವತಿಸಬೇಕೆಂಬ ನಿಯಮವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 21ನೆಯ ಕಲಂ ವಿಧಿಸಿತು. ಉಪಗುತ್ತಿಗೆದಾರನ ಬಿಲ್ಲಿಗೆ ಅಂತಹ ಆಸರೆ ಇಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ ಹೇಳುತ್ತದೆ. ಆದರೆ ಸಾಮಗ್ರಿ, ಶ್ರಮ ಎರಡೂ ಬೆರೆತ ಕಾಮಗಾರಿ ಕರಾರುಗಳು ಇದರ ವ್ಯಾಪ್ತಿಗೆ ಬಾರವೆಂದು ಬಾಂಬೆ ಹೈಕೋರ್ಟ್ ತೀರ್ಪು ನೀಡಿದೆ.

ಸಂಘಟಿತ ಪ್ರಯತ್ನಗಳು

ಡಿ. ಕೆಂಪಣ್ಣ ಅಧ್ಯಕ್ಷರಾಗಿದ್ದ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವು 2021ರಲ್ಲಿ ಶೇ. 40 ಕಮಿಷನ್ ಕುರಿತು ಪ್ರಧಾನಿಗೆ ಪತ್ರ ಬರೆದು ದೇಶದ ಗಮನ ಸೆಳೆಯಿತು. ಬಾಕಿ ಬಿಲ್ಲುಗಳ ಪಾವತಿ ಮತ್ತು ಪ್ಯಾಕೇಜ್ ಪದ್ಧತಿಯ ರದ್ದತಿಯೂ ಅದರ ಬೇಡಿಕೆಗಳಾಗಿದ್ದವು. 2023ರಲ್ಲಿ ಸರ್ಕಾರವು ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗವನ್ನು ನೇಮಿಸಿತು. ಆಯೋಗವು 2025ರಲ್ಲಿ ವರದಿ ಸಲ್ಲಿಸಿತು.

ಶಾಸನದ ಮಟ್ಟದಲ್ಲಿ ಎದ್ದುಕಾಣುವ ಬದಲಾವಣೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಗುತ್ತಿಗೆದಾರರಿಗೆ ಸಂಬಂಧಿಸಿದುದು. ರೂ. 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಅವರಿಗೆ ಕ್ರಮವಾಗಿ ಶೇ. 17.15 ಮತ್ತು ಶೇ. 6.95 ಮೀಸಲಾತಿ ಕಲ್ಪಿಸಲಾಗಿತ್ತು. 2023ರ ತಿದ್ದುಪಡಿ ಈ ಮಿತಿಯನ್ನು ಒಂದು ಕೋಟಿಗೆ ಏರಿಸಿತು. ಕಾಮಗಾರಿಗಳು ಪ್ಯಾಕೇಜಿನಲ್ಲಿ ಸೇರಿ ಮಿತಿಯನ್ನು ದಾಟಿದರೆ ಈ ಮೀಸಲಾತಿಯೂ ಅನ್ವಯವಾಗದು.

ಇತರ ದೇಶಗಳಲ್ಲಿ

ಅಮೆರಿಕದ ಮಿಲ್ಲರ್ ಕಾಯಿದೆ (1935) ನಿಗದಿತ ಮೊತ್ತ ಮೀರಿದ ಒಕ್ಕೂಟ ಸರ್ಕಾರದ ಕಾಮಗಾರಿಗಳಲ್ಲಿ ಮುಖ್ಯ ಗುತ್ತಿಗೆದಾರನು ಪಾವತಿ ಖಾತರಿ ಪತ್ರ ನೀಡಬೇಕೆಂದು ವಿಧಿಸುತ್ತದೆ. ಹಣ ಬಾರದ ಉಪಗುತ್ತಿಗೆದಾರನು ಅದರ ಮೇಲೆ ದಾವೆ ಹೂಡಬಹುದು. ಬ್ರಿಟನ್ನಿನ 1996ರ ಕಾಯಿದೆಯು "ನಮಗೆ ಹಣ ಬಂದ ಮೇಲೆಯೇ ನಿಮಗೆ" ಎಂಬ ಷರತ್ತನ್ನು, ಮೇಲಿನವರು ದಿವಾಳಿಯಾದ ಸಂದರ್ಭವನ್ನುಳಿದು, ಅಸಿಂಧುಗೊಳಿಸಿದೆ.